ಗೆದ್ದ ಮೇಲಿನ ಕೆಲಸ

ಚಿಂಚೋಳಿ

ತಮ್ಮಾ, ಆಶೀರ್ವಾದ.

ಕಾಂಗ್ರೆಸ್ ಯುವ ಘಟಕದ ಜಿಲ್ಲಾ ಅಧ್ಯಕ್ಷನಾಗಿ ನೀನು ಗೆದ್ದ ಸುದ್ದಿಯನ್ನು ನಿಮ್ಮಪ್ಪನೇ ಫೋನ್ ಮಾಡಿ ಹೇಳಿದ. ಖುಷಿಯಾಯಿತು. ಆದರೆ ಸೋತ ಹುಡುಗ ನಮ್ಮ ತಾಲ್ಲೂಕಿನವನು. ಕಲಬುರಗಿಯಲ್ಲಿ ನೀವು ಗುಲಾಲು ಹಾರಿಸಿ ಹಲಗೆ ಬಡಿದ ವಿಡಿಯೊ ಇಲ್ಲಿ ಚಹಾ ಅಂಗಡಿಯಲ್ಲಿ ಅವನ ಹುಡುಗರ ಮೊಬೈಲಿನಲ್ಲಿ ಓಡುತ್ತಿದೆ. ನಾನೂ ಅಲ್ಲೇ ಕೂತಿರುತ್ತೇನೆ. ನಿನ್ನವರು ಯಾರೂ ನಿನಗೆ ಹೇಳದ ಮಾತು ನನ್ನ ಕಿವಿಗೆ ಬೀಳುತ್ತದೆ.

ಸೋತಿದ್ದಕ್ಕೆ ಅವರಿಗೆ ಅಷ್ಟು ಸಿಟ್ಟಿಲ್ಲ. ಎಣಿಕೆ ಸರಿಯಾಗಿಯೇ ಆಯಿತು ಅಂತ ಅವರಲ್ಲೇ ಕೆಲವರು ಒಪ್ಪುತ್ತಾರೆ. ಸಿಟ್ಟಿರುವುದು ಆಮೇಲೆ ನಿನ್ನ ಗೆಳೆಯರು ಹಾಕಿದ ಸ್ಟೇಟಸ್‌ಗಳ ಮೇಲೆ. ಅವನ್ನು ಇವತ್ತೇ ತೆಗೆಸು. ಗ್ರೂಪಿನಲ್ಲಿ ಬುದ್ಧಿ ಹೇಳಲು ಹೋಗಬೇಡ, ಒಬ್ಬೊಬ್ಬರಿಗೂ ನೀನೇ ಫೋನ್ ಮಾಡು.

ಆಮೇಲೆ ಅವನ ಮನೆಗೆ ಹೋಗು. ಅವನೇ ಬಂದು ಹಾರ ಹಾಕಲಿ ಅಂತ ಕಾಯಬೇಡ. 2022ರಲ್ಲಿ ಖರ್ಗೆ ಅವರು ಚುನಾವಣೆಯಲ್ಲಿ ಗೆದ್ದು ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್, ಅಧ್ಯಕ್ಷರಾದಾಗ ಸೋತ ಶಶಿ ತರೂರ್ ಅವರೇ ಮನೆಗೆ ಬಂದು ಅಭಿನಂದಿಸಿದರು, ನಿಜ. ಆದರೆ ಅಲ್ಲಿ 7,897ಕ್ಕೆ 1,072 ಮತ. ನಿನ್ನದು ಕೂದಲೆಳೆಯ ಗೆಲುವು. ಮುಂದಿನ ವರ್ಷ ಖರ್ಗೆ ಅವರು ತರೂರ್ ಅವರನ್ನು ಕಾರ್ಯಕಾರಿ ಸಮಿತಿಗೆ ಸೇರಿಸಿಕೊಂಡರು, ಅದನ್ನೂ ನೆನಪಿಡು. ಹೋಗುವಾಗ ಫೋಟೊ ಹೊಡೆಯುವವರು ಯಾರೂ ಜೊತೆಗಿರಬಾರದು. ಅವನ ತಾಯಿ ರೊಟ್ಟಿ ಹಾಕಿದರೆ ಕೂತು ಉಣ್ಣು. ಹಳೆಯದನ್ನೆಲ್ಲ ಮರೆತುಬಿಡೋಣ ಅಂತ ಮಾತ್ರ ಅನ್ನಬೇಡ. ಮರೆಯುವುದು ಬಿಡುವುದು ಅವನಿಗೆ ಬಿಟ್ಟಿದ್ದು.

ಎರಡನೇ ಸ್ಥಾನಕ್ಕೆ ಉಪಾಧ್ಯಕ್ಷಗಿರಿ ನಿಮ್ಮ ನಿಯಮದಲ್ಲೇ ಇದೆಯಂತೆ. ಹಾಗಿದ್ದರೆ ಅದನ್ನು ನಾನು ಕೊಟ್ಟೆ ಅಂತ ವೇದಿಕೆಯಲ್ಲಿ ಹೇಳಬೇಡ. ನಿಯಮದಲ್ಲಿ ಇಲ್ಲದ್ದನ್ನು ಕೊಡು. ಚಿಂಚೋಳಿ ತಾಲ್ಲೂಕಿನ ಬೂತ್ ಪಟ್ಟಿ ಅವನೇ ಮಾಡಲಿ. ಅದರ ಮೇಲೆ ಕಲಬುರಗಿಯಿಂದ ಒಬ್ಬ ಉಸ್ತುವಾರಿಯನ್ನು ಕೂರಿಸಬೇಡ. ಈ ತಾಂಡಾಗಳಲ್ಲಿ ಯಾರು ದುಡಿಯಲು ಪುಣೆಗೆ ಹೋಗಿದ್ದಾರೆ, ಯಾರು ಹೈದರಾಬಾದಿನಲ್ಲಿದ್ದಾರೆ, ಮತದಾನದ ದಿನ ಯಾರನ್ನು ಕರೆಸಬಹುದು ಅನ್ನುವುದೆಲ್ಲ ಅವನ ಹುಡುಗರಿಗೆ ಬಾಯಿಪಾಠ. ನಿನ್ನ ಹುಡುಗರು ಇಲ್ಲಿ ಬಂದರೆ ಮೊದಲು ದಾರಿ ಕೇಳಬೇಕು.

ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರನ್ನೇ ನೋಡು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಅವರು ಮುಖ್ಯಮಂತ್ರಿ, ನಿಂತಿದ್ದು ಇಂದಿರಾ ಅವರ ವಿರುದ್ಧದ ಬಣದ ನಿಜಲಿಂಗಪ್ಪನವರ ಕಡೆ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರಿಗೇ ಸ್ಪರ್ಧಿಸಿ ಸೋತರು. ಇದಕ್ಕಿಂತ ದೊಡ್ಡ ವಿರೋಧ ಇನ್ನೇನು ಬೇಕು? ಮುಂದೆ ಅದೇ ಇಂದಿರಾ ಅವರ ಸಂಪುಟದಲ್ಲಿ ಮಂತ್ರಿಯಾದರು. 1989ರಲ್ಲಿ ಪಾಟೀಲರ ಮುಂದಾಳತ್ವದಲ್ಲೇ ಪಕ್ಷ ರಾಜ್ಯದಲ್ಲಿ 178 ಸ್ಥಾನ ಗೆದ್ದಿತು. ಅಂದು ನಮ್ಮ ಎದುರು ನಿಂತವನು ಅಂತ ಬಾಗಿಲು ಹಾಕಿದ್ದರೆ ಯಾರಿಗೆ ನಷ್ಟ ಆಗುತ್ತಿತ್ತು, ನೀನೇ ಹೇಳು.

ಉಲ್ಟಾ ಲೆಕ್ಕವೂ ಇಲ್ಲೇ ಇದೆ. 1972ರಿಂದ ಸೋಲೇ ಕಾಣದ ಖರ್ಗೆ ಅವರು 2019ರ ಲೋಕಸಭೆ ಚುನಾವಣೆಯಲ್ಲಿ ಸೋತರು. ಸೋಲಿಸಿದ ಬಿಜೆಪಿಯ ಉಮೇಶ್ ಜಾಧವ್ ಆ ವರ್ಷ ಮಾರ್ಚ್ ಬರುವವರೆಗೂ ಕಾಂಗ್ರೆಸ್‌ನವರೇ, ನಮ್ಮ ಚಿಂಚೋಳಿಯ ಶಾಸಕರೇ. ಮನೆಯೊಳಗಿದ್ದು ಹೊರಗೆ ಹೋದವನಿಗೆ ಯಾವ ಬಾಗಿಲಿಗೆ ಚಿಲಕ ಇಲ್ಲ ಅನ್ನುವುದು ಗೊತ್ತಿರುತ್ತದೆ.

ಇನ್ನೊಂದು ಮಾತು, ದುಡ್ಡಿನದು. ಈ ಸೋತ ಹುಡುಗ ತನಗೆ ಮತ ಹಾಕುವವರ ಸದಸ್ಯತ್ವ ಮಾಡಿಸಲು ಸಾಲ ಮಾಡಿದ್ದಾನೆ. ಜೀಪಿನ ಬಾಡಿಗೆ, ಫ್ಲೆಕ್ಸ್‌ ಅಂಗಡಿಯ ಬಾಕಿ ಇನ್ನೂ ಇದೆಯಂತೆ. ಅಮೆರಿಕದಲ್ಲಿ ಅಭ್ಯರ್ಥಿ ಯಾರಾಗಬೇಕು ಅಂತ ಜನರೇ ಮತ ಹಾಕುತ್ತಾರಲ್ಲ, ಅದಕ್ಕೆ ಪ್ರೈಮರಿ ಅನ್ನುತ್ತಾರೆ. 2008ರಲ್ಲಿ ಹಿಲರಿ ಕ್ಲಿಂಟನ್ ಅದರಲ್ಲಿ ಸೋತಾಗ ತಲೆ ಮೇಲೆ ದೊಡ್ಡ ಸಾಲ. ಗೆದ್ದ ಒಬಾಮ ತಾವೇ 2,300 ಡಾಲರ್ ಚೆಕ್ ಬರೆದರು, ತಮಗೆ ದೇಣಿಗೆ ಕೊಟ್ಟವರಿಗೂ ಆ ಸಾಲ ತೀರಿಸಲು ಕೈಜೋಡಿಸಿ ಅಂದರು. ಆಮೇಲೆ ಹಿಲರಿ ಅದೇ ಒಬಾಮ ಸರ್ಕಾರದಲ್ಲೇ ವಿದೇಶಾಂಗ ಖಾತೆ ನೋಡಿಕೊಂಡರು. ನೀನು ಹಾಗೆ ಮಾಡು ಅನ್ನುತ್ತಿಲ್ಲ. ಇಲ್ಲಿ ದುಡ್ಡು ಕೊಟ್ಟರೆ ಕೊಂಡುಕೊಂಡ ಅಂತಾರೆ. ಆದರೆ ಅವನ ಮಾತಿನ ಖಾರದಲ್ಲಿ ಅರ್ಧ ಈ ಸಾಲದ್ದು ಅಂತ ತಿಳಿದಿರು. ಜಿಲ್ಲಾ ಸಮಾವೇಶದ ಫ್ಲೆಕ್ಸ್‌ ಕೆಲಸವನ್ನು ಅದೇ ಅಂಗಡಿಗೆ ಕೊಟ್ಟರೆ ತಪ್ಪೇನಿಲ್ಲ. ಅಂಗಡಿಯವನು ಸ್ವಲ್ಪ ದಿನ ಅವನ ಬೆನ್ನು ಬಿಡುತ್ತಾನೆ.

ನಿಜವಾದ ಕಷ್ಟ ಇರುವುದು ನಿನ್ನ ಮನೆಯ ಕಡೆಯೇ. ನಾವು ಬಿಸಿಲಲ್ಲಿ ತಿರುಗಿದೆವು, ಹುದ್ದೆ ಅವರಿಗಾ ಅಂತ ನಿನ್ನವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಅವರಿಗೆ ಸುಳ್ಳು ಆಸೆ ತೋರಿಸಬೇಡ. ಇರುವ ಹುದ್ದೆ ಎಷ್ಟು, ಯಾವುದು ಯಾರಿಗೆ, ಯಾಕೆ ಅನ್ನುವುದನ್ನು ಎಲ್ಲರೂ ಕೂತಿರುವಾಗ ಹೇಳು. ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಹೇಳಿದರೆ ಸಂಜೆಯೊಳಗೆ ಸಿಕ್ಕಿಬೀಳುತ್ತೀಯ. ಸಿಟ್ಟಾಗಿ ಇಬ್ಬರು ಮೂವರು ದೂರ ಸರಿಯಬಹುದು. ಸರಿಯಲಿ. ಆ ಕಡೆಯವರೂ ಎಲ್ಲರೂ ಬರುವುದಿಲ್ಲ. ಗುತ್ತಿಗೆ ಕೆಲಸಕ್ಕಾಗಿ ಪಕ್ಷದಲ್ಲಿರುವವನ ಹಿಂದೆ ಸುಮ್ನೆ ಅಲೆಯಬೇಡ. ಬೂತಿನಲ್ಲಿ ಕೂರುವ ಹುಡುಗನನ್ನು ಮಾತ್ರ ಕಳೆದುಕೊಳ್ಳಬೇಡ.

ಜಾತಿಯ ಮಾತೂ ಬರುತ್ತದೆ. ಅವನಿಗೆ ಬಿದ್ದದ್ದೆಲ್ಲ ಅವನ ಸಮುದಾಯದ ಮತ ಅಂತ ನಿನ್ನ ಕಡೆಯವರು ಲೆಕ್ಕ ಹೇಳುತ್ತಾರೆ. ನಿನಗೆ ಬಿದ್ದ ಮತದ ಲೆಕ್ಕ ತೆಗೆದರೂ ಅಷ್ಟೇ ಅಲ್ವಾ? ಆ ಮಾತು ನಿನ್ನ ಎದುರು ಯಾರೂ ಆಡದಂತೆ ನೋಡಿಕೋ.

ಮೊದಲ ಸಭೆಯನ್ನು ಕಲಬುರಗಿ ಬಿಟ್ಟು ಚಿಂಚೋಳಿಯಲ್ಲಿ ಇಡು. ಊಟದ ವ್ಯವಸ್ಥೆ ಅವನ ಹುಡುಗರಿಗೇ ಬಿಡು. ನನ್ನನ್ನು ವೇದಿಕೆಗೆ ಕರೆಯಬೇಡ. ಹಿರಿಯರು ಮುಂದೆ ಕೂತರೆ ಹುಡುಗರು ಬಾಯಿ ಬಿಡುವುದಿಲ್ಲ, ಅವತ್ತು ಅವರು ನಿನ್ನನ್ನು ಬೈಯಬೇಕು. ಸಭೆ ಮುಗಿದ ಮೇಲೆ ಮನೆಗೆ ಬಂದು ಹೋಗು, ನಿಮ್ಮ ಕಾಕಿ ಕೇಳುತ್ತಿದ್ದಾಳೆ.

ನಿನ್ನ ಕಾಕಾ