ಕ್ಯಾಮೆರಾಗೆ ಮಕ್ಕಳ ಮನಸ್ಸು ಕಾಣುವುದಿಲ್ಲ

ಮಾನ್ಯ ಸಂಪಾದಕರೇ,

ಮುಖ ನೋಡಿ ಮಕ್ಕಳ ಭಾವನೆ ಹೇಳುವ ಸಾಫ್ಟ್‌ವೇರ್ ಕುರಿತ ನಿಮ್ಮ ಲೇಖನ ಓದಿ ಕಳವಳವಾಯಿತು. ಹುಟ್ಟಿನಿಂದಲೇ ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುವವಳು ನಾನು.

ಈ ಮಕ್ಕಳು ಯಾರ ನಗುವನ್ನೂ ನೋಡಿ ಕಲಿತವರಲ್ಲ. ಆದರೂ ಖುಷಿಯಾದರೆ ಕೆನ್ನೆ ಮೇಲೇರುತ್ತದೆ, ಕಣ್ಣಂಚು ಸುಕ್ಕಾಗುತ್ತದೆ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನ ಜೂಡೊ ಆಟಗಾರರ ಫೋಟೊಗಳನ್ನು ಸಂಶೋಧಕರು ಹೋಲಿಸಿ ನೋಡಿದ್ದರು. ಗೆದ್ದಾಗ, ಸೋತಾಗ ಹುಟ್ಟುಕುರುಡರ ಮುಖವೂ ಕಣ್ಣಿರುವವರ ಮುಖದಂತೆಯೇ ಇತ್ತು. ಅಂದರೆ ಒಂದಿಷ್ಟು ನಮಗೆ ಹುಟ್ಟಿನಿಂದಲೇ ಬಂದಿರುತ್ತದೆ.

ಆದರೆ ಇನ್ನೊಬ್ಬರ ಮುಖ ಓದುವುದು ಬೇರೆ ಮಾತು, ಅಲ್ವಾ? ಕಣ್ಣರಳಿಸಿ ಬಾಯಿ ತೆರೆದ ಮುಖವನ್ನು ಪಾಶ್ಚಾತ್ಯರು ಭಯ ಎನ್ನುತ್ತಾರೆ. ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳ ಹದಿಹರೆಯದವರಿಗೆ ಅದೇ ಮುಖ ಸಿಟ್ಟಿನಂತೆ, ಬೆದರಿಕೆಯಂತೆ ಕಂಡಿತು. 2016ರಲ್ಲಿ ಪ್ರಕಟವಾದ ಅಧ್ಯಯನವಿದು. ಯಾವ ಮುಖಕ್ಕೆ ಯಾವ ಅರ್ಥ ಎಂಬುದನ್ನು ನಾವು ಬೆಳೆದ ಜನರ ನಡುವೆಯೇ ಕಲಿಯುತ್ತೇವೆ.

ನನ್ನ ವಿದ್ಯಾರ್ಥಿನಿಯೊಬ್ಬಳು ಗಮನವಿಟ್ಟು ಕೇಳುವಾಗ ಹುಬ್ಬು ಗಂಟಿಕ್ಕುತ್ತಾಳೆ. ಅವಳಿಗೆ ಪಾಠ ತುಂಬ ಇಷ್ಟವಾದಾಗಲೇ ಇದು ಜಾಸ್ತಿ. ಇಂಥ ಮುಖಕ್ಕೆ ಯಂತ್ರ ಸುಮ್ನೆ 'ಸಿಟ್ಟು' ಎಂದು ಅಂಕ ಹಾಕಿದರೆ ಅವಳ ಪರ ಮಾತಾಡುವವರು ಯಾರು? ಯುರೋಪಿಯನ್ ಒಕ್ಕೂಟ 2025ರ ಫೆಬ್ರವರಿಯಿಂದ ಶಾಲೆ ಮತ್ತು ಕೆಲಸದ ಜಾಗಗಳಲ್ಲಿ ಇಂಥ ತಂತ್ರಜ್ಞಾನವನ್ನು ಬಹುತೇಕ ನಿಷೇಧಿಸಿದೆ. ಉಳಿದ ದೇಶಗಳೂ ತರಗತಿಯಿಂದ ಇದನ್ನು ದೂರವಿಡಲಿ. ಮಗುವಿಗೆ ಏನನ್ನಿಸುತ್ತಿದೆ ಎಂದು ಮಗುವನ್ನೇ ಕೇಳೋಣ.

– ಒಬ್ಬ ಶಿಕ್ಷಕಿ