ಟಿಕೆಟ್ ಕಡಿಮೆ ಅಂತ ನಿಲ್ದಾಣ ಮುಚ್ಚಬೇಡಿ

ಸಂಪಾದಕರೇ,

ಶಿವಮೊಗ್ಗ–ತಾಳಗುಪ್ಪ ರೈಲು ಮಾರ್ಗದಲ್ಲಿರುವ ನಮ್ಮೂರಿನ ಹಾಲ್ಟ್, ಅಂದರೆ ರೈಲು ಸ್ವಲ್ಪ ಹೊತ್ತು ಮಾತ್ರ ನಿಲ್ಲುವ ಚಿಕ್ಕ ನಿಲ್ದಾಣ, ಮುಚ್ಚಿದೆ. ಪ್ರಯಾಣಿಕರು ಕಡಿಮೆಯಂತೆ. ಕಡಿಮೆ ನಿಜ, ಆದರೆ ಲೆಕ್ಕ ಹಾಕುವ ರೀತಿಯನ್ನೂ ನೋಡಬೇಕು ಅಲ್ವಾ? ಹಾಲ್ಟ್‌ಗಳಲ್ಲಿ ಸಾಮಾನ್ಯವಾಗಿ ಕಮಿಷನ್ ಮೇಲೆ ಟಿಕೆಟ್ ಮಾರುವ ಏಜೆಂಟರು ಇರುತ್ತಾರೆ, ಟಿಕೆಟ್ ಇಳಿದಷ್ಟೂ ಅವರ ಕೈಗೆ ಸಿಗುವುದೂ ಇಳಿಯುತ್ತದೆ, ಕೊನೆಗೆ ಆ ಕೆಲಸಕ್ಕೆ ಯಾರೂ ಬರುವುದಿಲ್ಲ. ಕೌಂಟರ್‌ಗೆ ಬೀಗ ಬಿದ್ದ ಮೇಲೆ ಟಿಕೆಟ್ ಮಾರುವವರು ಯಾರು? ಶಿವಮೊಗ್ಗದಲ್ಲೋ ಸಾಗರದಲ್ಲೋ ಟಿಕೆಟ್ ಕೊಂಡು ಇಲ್ಲಿ ಬಂದಿಳಿಯುವವರ ದುಡ್ಡು ನಮ್ಮ ನಿಲ್ದಾಣದ ಹೆಸರಿಗೆ ಬರುವುದೇ ಇಲ್ಲ.

ಮಲೆನಾಡಿನಲ್ಲಿ ಮನೆಗಳೇ ದೂರ ದೂರ. ಬಯಲುಸೀಮೆಯಷ್ಟು ಜನ ಇಲ್ಲಿ ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ಕಾಲೇಜಿನ ಮಕ್ಕಳಿಗೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವ ವಯಸ್ಸಾದವರಿಗೆ ಬೇರೆ ದಾರಿ ಇರುವುದಿಲ್ಲ. ಬಸ್ಸಿಗೆ ಜಾಸ್ತಿ ದುಡ್ಡು ಬೇರೆ.

ಇದೇ ಮಾರ್ಗದ ಅರಸಾಳಿನ ಹಳೇ ನಿಲ್ದಾಣವನ್ನು 2020ರಲ್ಲಿ ಮ್ಯೂಸಿಯಂ ಮಾಡಿದರು, ಅದು ಸಂತೋಷದ ವಿಷಯ. ಆದರೆ ನಾವು ಕೇಳುತ್ತಿರುವುದು ಬೆಳಿಗ್ಗೆ ಒಂದು ರೈಲು, ಸಂಜೆ ಒಂದು ರೈಲು, ಒಂದೇ ನಿಮಿಷ ನಿಲ್ಲಲಿ ಅಂತ. ಟಿಕೆಟ್ ಮಾರುವ ಕೆಲಸವನ್ನು ಊರಿನ ಸ್ತ್ರೀಶಕ್ತಿ ಸಂಘಕ್ಕೇ ಕೊಟ್ಟು ನೋಡಲಿ.

— ಒಬ್ಬ ಓದುಗ, ಸಾಗರ ತಾಲ್ಲೂಕು