ಬಾಗಿಲ ಹತ್ತಿರ ಯಾರು ನಿಲ್ಲಬೇಕು

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನಿನ್ನ ಕಾಗದ ಬಂತು. ಹೊಸ ಹೈಸ್ಕೂಲು, ಹೊಸನಗರದ ಮಳೆ, ರೂಮಿನ ಬಾಡಿಗೆ ಎಲ್ಲ ಓದಿದೆ. ಕೊನೆಗೆ ಕೇಳಿದ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿದುಬಿಟ್ಟಿದೆ. ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ನೋಡುತ್ತಾ ಸ್ಟಾಫ್ ರೂಮಿನಲ್ಲಿ ಒಬ್ಬರು, "ಮಕ್ಕಳಿಗೋಸ್ಕರ ಪ್ರಾಣ ಕೊಡೋದಕ್ಕೂ ಸೇರಿಸಿಯೇ ನಮಗೆ ಸಂಬಳ ಕೊಡ್ತಾರಾ?" ಅಂದರಂತೆ. ಎಲ್ಲರೂ ನಕ್ಕರಂತೆ. ನಿನಗೆ ನಗು ಬರಲಿಲ್ಲ ಅಂತ ಬರೆದಿದ್ದೀಯ. ಬರದಿದ್ದದ್ದೇ ಸರಿ.

ಪ್ರಾಣ ಕೊಡು ಅಂತ ಯಾರೂ ನಿನ್ನನ್ನು ಕೇಳುವ ಹಾಗಿಲ್ಲ. ಇಲಾಖೆಯೂ ಕೇಳುವ ಹಾಗಿಲ್ಲ, ಊರವರೂ ಕೇಳುವ ಹಾಗಿಲ್ಲ. ಆದರೆ ಮಕ್ಕಳನ್ನು ಒಳಗೆ ಬಿಟ್ಟು ತಾನು ಮೊದಲು ಹೊರಗೆ ಓಡುವುದು ಮೇಷ್ಟ್ರಿಗಾಗಲಿ ಟೀಚರಿಗಾಗಲಿ ಸಲ್ಲದು. ಯಾಕೆ ಅಂದರೆ, ಆ ಮಕ್ಕಳು ಅಲ್ಲಿ ಕೂತಿರುವುದೇ ನಾವು ಕೂರಿಸಿದ್ದಕ್ಕೆ. ಗೇಟು ಹಾಕುವವರು ನಾವು. ಬಾತ್‌ರೂಮಿಗೆ ಹೋಗುವುದಕ್ಕೂ ಎದ್ದು ನಿಂತು ನಮ್ಮ ಅಪ್ಪಣೆ ಕೇಳಬೇಕು. ದಿನವಿಡೀ "ನಾನು ಹೇಳಿದ ಹಾಗೆ ಕೇಳು" ಅಂತ ಕಲಿಸಿ, ಅಪಾಯ ಬಂದ ಗಳಿಗೆಯಲ್ಲಿ "ನಿನ್ನ ದಾರಿ ನೀನು ನೋಡ್ಕೋ" ಅಂದರೆ ಹೇಗೆ? ಸಂಬಳದ ಮಾತು ಇಲ್ಲಿ ಬರುವುದೇ ಇಲ್ಲ.

2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿ 32 ಜನರನ್ನು ಕೊಂದ. ಲಿವಿಯು ಲಿಬ್ರೆಸ್ಕು ಅಂತ ಒಬ್ಬ ಪ್ರೊಫೆಸರ್ ಅಲ್ಲಿ ಪಾಠ ಮಾಡುತ್ತಿದ್ದರು. ರುಮೇನಿಯಾದವರು, 76 ವರ್ಷ, ಹುಡುಗನಾಗಿದ್ದಾಗ ಯಹೂದಿಗಳ ನರಮೇಧದಿಂದ ಪಾರಾಗಿ ಬಂದವರು. ಕೊಠಡಿಯ ಬಾಗಿಲಿಗೆ ಮೈಯೊಡ್ಡಿ ನಿಂತರು. ಅಷ್ಟು ಹೊತ್ತಿನಲ್ಲಿ ಹುಡುಗರು ಕಿಟಕಿಯಿಂದ ಹೊರಗೆ ಹಾರಿದರು. ಹೆಚ್ಚಿನವರು ಬದುಕಿದರು, ಪ್ರೊಫೆಸರ್ ಉಳಿಯಲಿಲ್ಲ. ಅದೇ ಕಟ್ಟಡದಲ್ಲಿ ತಮಿಳುನಾಡು ಮೂಲದ ಪ್ರೊಫೆಸರ್ ಲೋಗನಾಥನ್ ಅವರೂ ತರಗತಿಯಲ್ಲೇ ತೀರಿಕೊಂಡರು.

ಇದನ್ನೆಲ್ಲ ಓದಿ "ನಾನಾಗಿದ್ದರೆ ಹಾಗೆ ನಿಲ್ಲುತ್ತಿದ್ದೆನಾ" ಅಂತ ರಾತ್ರಿ ನಿದ್ದೆಗೆಡಬೇಡ. ಆ ಗಳಿಗೆ ಬರುವ ತನಕ ಅದು ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಕೈಯಲ್ಲಿರುವುದು ಅದಕ್ಕೂ ಮೊದಲಿನ ಕೆಲಸ. ಹೊಗಳಿಕೆ ಬರದ ಕೆಲಸ, ಹಾಗಾಗಿ ಯಾರೂ ಮಾಡುವುದಿಲ್ಲ.

ಚಿಲಕದಿಂದಲೇ ಶುರು ಮಾಡು. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತರು. ಪೊಲೀಸರು ಒಳಗೆ ನುಗ್ಗಲು ಒಂದು ಗಂಟೆಗೂ ಜಾಸ್ತಿ ತಡಮಾಡಿದ್ದು ದೊಡ್ಡ ಸುದ್ದಿಯಾಯಿತು, ಆಗಲೇಬೇಕಿತ್ತು. ಆದರೆ ಅಲ್ಲಿನ ಶಾಸಕರ ಸಮಿತಿಯ ವರದಿಯಲ್ಲಿ ಇನ್ನೊಂದು ಮಾತಿದೆ. ಒಂದು ಕೊಠಡಿಯ ಬೀಗ ಸರಿಯಾಗಿ ಬೀಳುವುದಿಲ್ಲ ಅಂತ ಶಾಲೆಯಲ್ಲಿ ಮೊದಲೇ ಗೊತ್ತಿತ್ತು. ರಿಪೇರಿಯ ಆರ್ಡರ್ ಮಾತ್ರ ಆಗಿರಲಿಲ್ಲ.

ಈಗ ನಿನ್ನ ಶಾಲೆಯ ಬಾಗಿಲು ನೋಡು. ನಮ್ಮ ಕಡೆ ಹಳೇ ಕಟ್ಟಡಗಳಲ್ಲಿ ಚಿಲಕ, ಕೊಂಡಿ ಎಲ್ಲ ಹೊರಗಡೆಗೇ ಇರುತ್ತದೆ, ಸಂಜೆ ಬೀಗ ಹಾಕುವುದಕ್ಕೆ. ಒಳಗಿನ ಚಿಲಕ ಎಂದೋ ಕಿತ್ತು ಹೋಗಿ ನಾಲ್ಕು ಮೊಳೆ ತೂತು ಉಳಿದಿರುತ್ತದೆ. ಇದ್ದರೂ ಆಷಾಢದ ಮಳೆಗೆ ಮರ ಉಬ್ಬಿ, ಕಾಲಿನಿಂದ ಒದ್ದರೂ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ಬಡಗಿಯನ್ನು ಕರೆಸಿ ಅಂಚು ಕೆತ್ತಿಸು. ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳು, ಕೇಳಿದ್ದನ್ನು ಬರವಣಿಗೆಯಲ್ಲಿ ಕೊಡು. ದುಡ್ಡಿಲ್ಲ ಅಂದರೆ ನನಗೆ ಫೋನ್ ಮಾಡು, ಒಂದು ಚಿಲಕಕ್ಕೆ ಎಷ್ಟಾಗುತ್ತದೆ ಮಹಾ!

"ನಮ್ಮೂರಿಗೆ ಗನ್ ಎಲ್ಲಿಂದ ಬರಬೇಕು" ಅಂತ ನಿನ್ನ ಸಹೋದ್ಯೋಗಿಗಳು ಹೇಳಬಹುದು. ಎಲೆಕ್ಷನ್ ಬಂದಾಗಲೆಲ್ಲ ಮಲೆನಾಡಿನ ತೋಟದವರು ಕೋವಿ ಹೊತ್ತುಕೊಂಡು ಠಾಣೆಗೆ ಕೊಡಲು ಹೋಗುವುದಿಲ್ವಾ? ಕೋವಿ ಬಿಡು, ಕತ್ತಿ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಶಾಲೆಗೆ ಬರುವ ಅಪಾಯ ಹೆಚ್ಚಾಗಿ ಚಿಕ್ಕದಾಗಿಯೇ ಬರುತ್ತದೆ. ಕುಡಿದು ಗೇಟಿಗೆ ಬಂದ ಅಪ್ಪ. ಜಾತ್ರೆಯಲ್ಲಿ ಶುರುವಾಗಿ ಸೋಮವಾರ ಶಾಲೆಯೊಳಗೆ ಬಂದ ಹುಡುಗರ ಜಗಳ. 2022ರ ಫೆಬ್ರವರಿಯಲ್ಲಿ ಶಿವಮೊಗ್ಗದ ಕಾಲೇಜಿನ ಹತ್ತಿರ ಕಲ್ಲು ಬಿದ್ದು ನಿಷೇಧಾಜ್ಞೆ ಹಾಕಿದ್ದು ನಿನಗೂ ನೆನಪಿದೆ. ಅಂಥ ದಿನ ನಿನ್ನ ಕೊಠಡಿಯಲ್ಲಿ ಕೂತಿರುವುದು ಯಾರ ಮನೆಯ ಮಗು, ಯಾವ ಕಡೆಯವರದು ಅಂತ ಮನಸ್ಸಿನಲ್ಲೂ ಲೆಕ್ಕ ಹಾಕಬೇಡ. ಹಾಜರಿ ಪುಸ್ತಕ ಕೈಯಲ್ಲಿ ಹಿಡಿದುಕೋ, ತಲೆ ಎಣಿಸು. ರಸ್ತೆ ತಣ್ಣಗಾಗುವ ತನಕ ಒಬ್ಬರನ್ನೂ ಹೊರಗೆ ಕಳಿಸಬೇಡ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಅಮೆರಿಕದ ಅಧ್ಯಕ್ಷರ ಕಾವಲು ನೋಡುವ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಕೂಲಂಕಷವಾಗಿ ನೋಡಿ 2002ರಲ್ಲಿ ವರದಿ ಕೊಟ್ಟವು. ನೂರಕ್ಕೆ 81 ಪ್ರಕರಣಗಳಲ್ಲಿ, ಹೀಗೆ ಮಾಡುತ್ತಾನೆ ಅಂತ ಕನಿಷ್ಠ ಒಬ್ಬರಿಗಾದರೂ ಮೊದಲೇ ತಿಳಿದಿತ್ತು. ಹೆಚ್ಚಾಗಿ ಗೆಳೆಯರಿಗೆ, ಸಹಪಾಠಿಗಳಿಗೆ. ಮಕ್ಕಳಿಗೆ ಗೊತ್ತಿತ್ತು, ದೊಡ್ಡವರ ಕಿವಿಗೆ ಬರಲಿಲ್ಲ.

ಯಾಕೆ ಬರಲಿಲ್ಲ? ನಮ್ಮ ಸ್ಟಾಫ್ ರೂಮುಗಳನ್ನೇ ನೋಡು. ಬೆತ್ತ ಹಿಡಿದವರ ಹತ್ತಿರ ಯಾವ ಮಗು ಗುಟ್ಟು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯಬಾರದು ಅನ್ನುತ್ತದೆ, ಮನಸ್ಸು ನೋಯಿಸಬಾರದು ಅಂತಲೂ ಅನ್ನುತ್ತದೆ. ಕಾಯ್ದೆಗೆ ಹೆದರಿ ಬೆತ್ತ ಬಿಟ್ಟವರನ್ನು ಕಂಡಿದ್ದೇನೆ. ಅವರ ನಾಲಿಗೆ ಮಾತ್ರ ಬೆತ್ತಕ್ಕಿಂತ ಜೋರು. ತರಗತಿಯಲ್ಲಿ ಒಬ್ಬನನ್ನು ಎಲ್ಲರೆದುರು ಹೀಯಾಳಿಸಿದರೆ ಉಳಿದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಚಾಡಿ ಅಂತ ಬೈಯದೆ ಕೇಳಿಸಿಕೋ. ಹಿಂದಿನ ಬೆಂಚಿನ ಹುಡುಗ ವಾರದಿಂದ ಯಾರ ಜೊತೆಗೂ ಊಟಕ್ಕೆ ಕೂರುತ್ತಿಲ್ಲ ಅನ್ನುವುದು ನಿನ್ನ ಕಣ್ಣಿಗೆ ಬೀಳಬೇಕು.

ಕೇಳಿಸಿಕೊಂಡ ಮೇಲೆ ಒಳಗೇ ಇಟ್ಟುಕೊಳ್ಳಬೇಡ. "ಶಾಲೆಯ ಮರ್ಯಾದೆ ಹೋಗುತ್ತೆ, ಇಲ್ಲೇ ಮುಗಿಸೋಣ" ಅನ್ನುವ ಹಿರಿಯರು ಎಲ್ಲ ಕಡೆ ಇದ್ದಾರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಅಂತ ಗೊತ್ತಿದ್ದೂ ತಿಳಿಸದೆ ಮುಚ್ಚಿಟ್ಟರೆ ಪೋಕ್ಸೋ ಕಾಯ್ದೆಯ ಪ್ರಕಾರ ಮುಚ್ಚಿಟ್ಟವರಿಗೇ ಶಿಕ್ಷೆ. ಮಕ್ಕಳ ಸಹಾಯವಾಣಿ 1098, ಪೊಲೀಸರಿಗೆ 112. ಎರಡನ್ನೂ ಮಕ್ಕಳಿಗೆ ಕಾಣುವ ಗೋಡೆಯ ಮೇಲೆ ದೊಡ್ಡದಾಗಿ ಬರೆಸು.

ಅಪಾಯ ಬಂದಾಗ ಕೂಗಿದರೆ ಕೇಳುತ್ತದೆ ಅಂತ ಮಾತ್ರ ನಂಬಿಕೊಳ್ಳಬೇಡ. ತಗಡಿನ ಮೇಲೆ ಜುಲೈ ಮಳೆ ಹೊಡೆಯುವಾಗ ಪಕ್ಕದ ಕೊಠಡಿಯ ಪಾಠವೇ ಕೇಳುವುದಿಲ್ಲ. ಬಿಡದೆ ಬಾರಿಸಿದ ಗಂಟೆ ಅಂದರೆ ಬಾಗಿಲು ಹಾಕಿಕೊಂಡು ಒಳಗೇ ಇರಬೇಕು ಅಂತ ಎಲ್ಲರೂ ಸೇರಿ ಗೊತ್ತು ಮಾಡಿಕೊಳ್ಳಿ. ಬೆಂಕಿಗೆ ಬೇರೆ ಗುರುತು ಇರಲಿ, ಆಗ ಹೊರಗೆ ಬರಬೇಕಲ್ವಾ. ಬಿಸಿಯೂಟದ ಅಕ್ಕಂದಿರಿಗೂ ಹೇಳಿಕೊಡು. ಅವರನ್ನು ಯಾವ ಮೀಟಿಂಗಿಗೂ ಕರೆಯುವುದಿಲ್ಲ, ಗೇಟಿನ ಕಡೆ ಯಾರು ಬಂದರು ಅಂತ ಮೊದಲು ಕಾಣುವುದು ಅವರಿಗೇ.

ಇಂತಿ,
ನಿನ್ನ ದೊಡ್ಡಮ್ಮ